ಹಳದಿ ಬಳೆಯ ಕೆಳಗೆ

ಮಿಲಿಮೀಟರ್ ಮಾಮನನ್ನು ನಮ್ಮ ಬೀದಿ ಮೊದಲು ಮೊಟ್ಟೆ ವ್ಯಾಪಾರಿ ಎಂದು ತಿಳಿದಿತ್ತು. ಹಾಗೆ ತಿಳಿದವರಲ್ಲಿ ಇದನ್ನು ಬರೆಯುತ್ತಿರುವವನೂ ಒಬ್ಬ. ಒಬ್ಬನೇನು, ಆ ತಿಳಿವಳಿಕೆಯನ್ನು ಮನೆಮನೆಗೆ ಹಂಚಿದವನೇ ಅವನು. ತಪ್ಪು ಪೂರ್ತಿ ಅವನದಲ್ಲ. ಮಾಮನ ಕುಟುಂಬ ಮೂಲೆಮನೆಯ ಮಹಡಿಗೆ ಬಾಡಿಗೆಗೆ ಬಂದು ತಿಂಗಳಾಗಿರಲಿಲ್ಲ. ಮಹಡಿಯ ತಂತಿಯ ಮೇಲೆ ಒಣಗುತ್ತಿದ್ದ ಖಾಕಿ ಅಂಗಿಯಿಂದ ಕೊಳೆತ ಮೊಟ್ಟೆಯ ವಾಸನೆ ಇಳಿದು ಬಂದು ಕೆಳಗೆ ಓಡಾಡುವವರ ಮೂಗಿಗೆ ಬಡಿಯುತ್ತಿತ್ತು. ಮನುಷ್ಯನ ಮುಖವೂ ಹಾಗೆಯೇ ಇತ್ತು, ಸರಕೆಲ್ಲ ಕೆಟ್ಟು ಕೂತ ವ್ಯಾಪಾರಿಯ ಮುಖ. ಒಂದು ಬೆಳಿಗ್ಗೆ ಮೆಟ್ಟಿಲ ಬಳಿ ಸಿಕ್ಕಾಗ, ಕೇಳದವರಿಗೂ ಸಲಹೆ ಕೊಡುವ ವಯಸ್ಸಿನ ಈ ಬರಹಗಾರ, ಮೊಟ್ಟೆಯನ್ನು ನೀರಿಗೆ ಹಾಕಿ ನೋಡಬೇಕೆಂದೂ ಕೆಟ್ಟದ್ದು ತಾನಾಗಿ ತೇಲುತ್ತದೆಂದೂ ಹೇಳಿದ. ಮಾಮ ಗಂಭೀರವಾಗಿ ಕೇಳಿಸಿಕೊಂಡರು.

"ನಮ್ಮಲ್ಲಿ ಹಾಗಲ್ಲ ಸಾರ್," ಅಂದರು. "ಮುಳುಗಿರೋದೇ ಕೆಡೋದು."

ವ್ಯಾಪಾರದಲ್ಲಿ ಸೋತವರು ಒಗಟಾಗಿ ಮಾತಾಡುವುದು ಸಹಜ ಎಂದುಕೊಂಡು ಸಲಹೆಗಾರ ಮನೆಗೆ ಹೋದ. ನಿಜವಾದ ಕಥೆ ಗೊತ್ತಾದದ್ದು ಆಮೇಲೆ, ಇಡೀ ಬಂದರಿಗೇ ಗೊತ್ತಾದ ಮೇಲೆ.

ಮಾಮ ಅಳೆಯುತ್ತಿದ್ದುದು ಉಕ್ಕನ್ನು. ಬಂದರಿನಲ್ಲಿ ಲಾಂಚು ಬಂದು ನಿಲ್ಲುವ ಜೆಟ್ಟಿಯೊಂದಿದೆ. ದಡದಿಂದ ಸಮುದ್ರದೊಳಕ್ಕೆ ಇನ್ನೂರು ಹೆಜ್ಜೆ ಚಾಚಿಕೊಂಡ ಕಾಂಕ್ರೀಟಿನ ಹಾಸು. ಅದನ್ನು ಹೊತ್ತು ನಿಂತದ್ದು ತೊಂಬತ್ತಾರು ಉಕ್ಕಿನ ಕಂಬಗಳು. ಕಂಬವೆಂದರೆ ಒಳಗೆ ಟೊಳ್ಳಾದ ದಪ್ಪ ಕೊಳವೆ. ಅದರ ಗೋಡೆಯ ದಪ್ಪ, ನೆಟ್ಟಾಗ, ಹನ್ನೆರಡು ಮಿಲಿಮೀಟರ್. ಆ ಹನ್ನೆರಡರಲ್ಲಿ ಉಪ್ಪುನೀರು ಎಷ್ಟನ್ನು ನುಂಗಿತು, ಎಷ್ಟು ಉಳಿಸಿತು ಎಂದು ವರ್ಷಕ್ಕೆರಡು ಸಲ ಅಳೆದು ಬರೆಯುವುದು ಮಾಮನ ಕೆಲಸ. ಅಂಗೈಯಗಲದ ಒಂದು ಯಂತ್ರ, ಅದರಿಂದ ಹೊರಟ ತಂತಿ, ತಂತಿಯ ತುದಿಗೆ ಅಂಗಿಯ ಗುಂಡಿಯಂಥ ಒಂದು ಮೂತಿ. ಕಂಬಕ್ಕೆ ಕಚ್ಚಿಕೊಂಡ ಚಿಪ್ಪುಗಳನ್ನು ಕೆರೆದು, ಅಂಟು ಸವರಿ, ಮೂತಿಯನ್ನು ಒತ್ತಿದರೆ ಯಂತ್ರ ಉಕ್ಕಿನೊಳಗೆ ಸದ್ದು ಕಳಿಸಿ, ಅದು ಮರಳಿ ಬರುವ ಹೊತ್ತನ್ನು ನೋಡಿ, ದಪ್ಪ ಎಷ್ಟೆಂದು ಹೇಳುತ್ತದೆ. ಹದಿನೆಂಟು ವರ್ಷ ಅವರು ಇದನ್ನೇ ಮಾಡಿದ್ದರು. ಮಾಡಿ ಮಾಡಿ ಅದು ಮೈಗೆ ಹತ್ತಿತ್ತು. ಬ್ರೆಡ್ಡಿನ ಹೋಳು ಒಂದು ಕಡೆ ದಪ್ಪವಾದರೆ ಹೆಂಡತಿಗೆ ಅಂಕಿಯ ಸಮೇತ ತಿಳಿಸುತ್ತಿದ್ದರು. ಕಾರ್ಪೆಂಟರು ಬಂದು ಕಪಾಟು ಮಾಡಿದರೆ, ಅವನು ಹೋದ ಮೇಲೆ ಅದರ ಬಾಗಿಲನ್ನು ಅಳೆದು, ಅವನಿಗೆ ಫೋನು ಮಾಡುತ್ತಿದ್ದರು. ಬಂದರಿನವರು ಹೆಸರಿಟ್ಟದ್ದು ತಮಾಷೆಗೆ. ಮಾಮ ಅದನ್ನು ಪದವಿಯಂತೆ ಧರಿಸಿಕೊಂಡರು. ನಡುಮನೆಯ ಗೋಡೆಯ ಮೇಲೆ "ಅಳತೆಯಲ್ಲಿ ನಿಖರತೆಗಾಗಿ" ಕೊಟ್ಟ ಪ್ರಶಸ್ತಿಪತ್ರವಿತ್ತು. ಅದನ್ನು ಮಟ್ಟಗೋಲಿಟ್ಟು ನೇರ ನೋಡಿಯೇ ಮೊಳೆ ಹೊಡೆದಿದ್ದರು.

ಆದರೆ ಎಲ್ಲಿ ಅಳೆಯಬೇಕೆಂಬುದನ್ನು ಮಾಮ ತೀರ್ಮಾನಿಸಿದ್ದಲ್ಲ. ಪ್ರತಿ ಕಂಬಕ್ಕೂ ಒಂದು ಹಳದಿ ಬಣ್ಣದ ಪಟ್ಟೆ ಸುತ್ತ ಬಳಿದಿತ್ತು, ಕೈಗೆ ಬಳೆ ತೊಡಿಸಿದ ಹಾಗೆ. ಕೆಲಸದವರು ಅದನ್ನು ಬಳೆ ಎಂದೇ ಕರೆಯುತ್ತಿದ್ದರು. ಅಳತೆ ಬಳೆಯ ಮೇಲೆ. ಉಬ್ಬರದ ಹೊತ್ತಿಗೆ ನೀರು ದೋಣಿಯನ್ನು ಎತ್ತಿ ಹಿಡಿದಾಗ ಬಳೆ ಸರಿಯಾಗಿ ನಿಂತವನ ಎದೆಯ ಮಟ್ಟಕ್ಕೆ ಬರುತ್ತಿತ್ತು. ಬಗ್ಗಬೇಕಿಲ್ಲ, ಏಣಿ ಬೇಕಿಲ್ಲ. ಇಂಜಿನಿಯರುಗಳ ವರದಿಗಳಲ್ಲಿ ಈ ಬಳೆಗೆ "ಪ್ರಾತಿನಿಧಿಕ ಮಟ್ಟ" ಎಂಬ ಬಿರುದು ಸಿಕ್ಕಿತ್ತು. ಹೊಸದಾಗಿ ಬಂದ ಪ್ರತಿಯೊಬ್ಬ ಸಾಹೇಬರೂ ಅದರ ಬಗ್ಗೆ ಒಂದೊಂದು ಪ್ಯಾರಾ ಸೇರಿಸಿ ಹೋಗಿದ್ದರು. ಒಬ್ಬರಂತೂ ಒಂದು ಸೂತ್ರವನ್ನೇ ಬರೆದಿಟ್ಟಿದ್ದರು. ಬಳೆ ಬಳಿದವರು ಮಾಮನಿಗೆ ಕೆಲಸ ಕಲಿಸಿದ ಹಳೆಯ ಮೇಸ್ತ್ರಿ. ಅವರು ಅಷ್ಟು ಎತ್ತರದಲ್ಲಿ ಯಾಕೆ ಬಳಿದರು ಎಂಬುದು ಮಾಮನಿಗೆ ಗೊತ್ತಿತ್ತು. ಮೇಸ್ತ್ರಿಗೆ ಸೊಂಟನೋವಿತ್ತು.

ಗೊತ್ತಿದ್ದೂ ಅವರು ಆ ವಿಷಯವನ್ನು ಎಂದೂ ಕೆದಕಲಿಲ್ಲ. ಬಳೆಯ ಮೇಲೆ ಅಳತೆ ಹನ್ನೊಂದೂವರೆ ಬರುತ್ತಿತ್ತು. ಅಪರೂಪಕ್ಕೆ ಹನ್ನೊಂದು ಪಾಯಿಂಟ್ ನಾಲ್ಕು. ಅದನ್ನು ಅಳತೆ ಪುಸ್ತಕದಲ್ಲಿ ದುಂಡಗೆ ಬರೆದು, ಪಕ್ಕದಲ್ಲಿ "ಸರಿಯಿದೆ" ಎಂದು ಸೇರಿಸಿ, ಸಹಿ ಹಾಕುತ್ತಿದ್ದರು. ಮೇಲಿನವರು ಅದರ ಕೆಳಗೆ ಇನ್ನೂ ದೊಡ್ಡ ಸಹಿ ಹಾಕುತ್ತಿದ್ದರು.

ಜೆಟ್ಟಿ ಕಟ್ಟಿ ಇಪ್ಪತ್ತೈದು ವರ್ಷ ತುಂಬುವ ವರ್ಷ ಅದು. ಅದರ ಮೇಲೆಯೇ ಸಮಾರಂಭವೆಂದು ಬಂದರು ಕಚೇರಿ ತೀರ್ಮಾನಿಸಿತ್ತು: ಸಮುದ್ರದ ತುದಿಯಲ್ಲಿ ವೇದಿಕೆ, ಎದುರಿಗೆ ಐನೂರು ಕುರ್ಚಿ. ಅದಕ್ಕೆ ಮೂರು ವಾರ ಮೊದಲು ಅರ್ಧವಾರ್ಷಿಕ ಅಳತೆಯ ದಿನ ಬಂತು. ದೋಣಿ ನಡೆಸುವವನು ಮಾಮನ ಭಾವಮೈದುನ, ಹೆಂಡತಿಯ ತಮ್ಮ. ಐವತ್ತು ದಾಟಿದರೂ ಅಕ್ಕನ ಮನೆಯಲ್ಲಿ ಕಿರಿಯವನೇ. ಬೆಳಿಗ್ಗೆ ಉಬ್ಬರದ ಹೊತ್ತಿಗೆ ಅವನ ಇಂಜಿನು ಕೈಕೊಟ್ಟಿತು. ಅದನ್ನು ಬಿಚ್ಚಿ, ಬೈದು, ಊದಿ, ಮತ್ತೆ ಜೋಡಿಸುವಷ್ಟರಲ್ಲಿ ಹೊತ್ತು ಏರಿ, ನೀರು ಇಳಿದಿತ್ತು. ಹುಣ್ಣಿಮೆಯ ಮರುದಿನ ಬೇರೆ, ತಿಂಗಳ ದೊಡ್ಡ ಇಳಿತ. ಬೇರೆ ದಿನ ನೋಡೋಣವೆಂದು ಭಾವಮೈದುನ ಹೇಳಿದ. ನಿಗದಿಯಾದ ದಿನ ತಪ್ಪಿದರೆ ತಮ್ಮ ಪುಸ್ತಕದಲ್ಲಿ ದಿನಾಂಕ ಕೆಡುತ್ತದೆಂದು ಮಾಮ ಒಪ್ಪಲಿಲ್ಲ. ಬಳೆಗಳಿಗೆ ಏಣಿ ಹಾಕಿಕೊಂಡರಾಯಿತು ಎಂದರು. ಇಬ್ಬರೂ ಊಟದ ಹೊತ್ತಿಗೆ ದೋಣಿ ಹತ್ತಿದರು.

ಜೆಟ್ಟಿಯ ತುದಿಯಲ್ಲಿ ಟಿಕೆಟ್ ಕೋಣೆ. ಅಲ್ಲಿ ಕೂರುವವಳು ಮಾಮನ ಮಗಳು, ನಾಲ್ಕು ವರ್ಷದಿಂದ. ದೋಣಿ ಕಂಡು ಕಿಟಕಿಯಿಂದ ತಲೆ ಹಾಕಿ, ಸಮುದ್ರವೆಲ್ಲ ಖಾಲಿಯಾದ ಮೇಲೆ ಬಂದಿದ್ದೀರಲ್ಲ, ಏನಾದರೂ ಮರೆತು ಹೋಗಿತ್ತಾ ಎಂದು ಇಬ್ಬರನ್ನೂ ಛೇಡಿಸಿದಳು. ಮಾಮ ಕೈಯಾಡಿಸಿ ದೋಣಿಯನ್ನು ಜೆಟ್ಟಿಯ ಅಡಿಗೆ ತೆಗೆದುಕೊಂಡು ಹೋಗಲು ಹೇಳಿದರು.

ಅಷ್ಟು ಕೆಳಗಿನ ಉಕ್ಕನ್ನು ಅವರು ಅಲ್ಲಿಯವರೆಗೆ ನೀರಿನ ಹೊರಗೆ ನೋಡಿಯೇ ಇರಲಿಲ್ಲ. ಬಳೆಗಳು ತಲೆಯ ಮೇಲೆ ಎಲ್ಲೋ ಇದ್ದವು. ಕಣ್ಣೆದುರು, ನೀರಿಗಿಂತ ಒಂದು ಗೇಣು ಮೇಲೆ, ಕಂಬಗಳಿಗೆ ಕಿತ್ತಳೆ ಬಣ್ಣದ ತೇಪೆಗಳು ಹತ್ತಿದ್ದವು. ತುಕ್ಕಿನ ಕಂದು ಬಣ್ಣವಲ್ಲ. ಯಾರೋ ಈಗಷ್ಟೇ ಬಳಿದು ಹೋದಂಥ ಹಸಿ, ಹೊಳಪಿನ ಕಿತ್ತಳೆ. ಮಾಮ ಬೆರಳಿಟ್ಟರು. ಬೆರಳು ಒಳಗೆ ಹೋಯಿತು. ಕಿತ್ತಳೆಯ ಹಿಂದೆ ಎಣ್ಣೆಯಂಥ ಕಪ್ಪು ಲೋಳೆ, ಲೋಳೆಯಿಂದ ಮೊಟ್ಟೆ ಕೊಳೆತ ನಾತ. ಅದನ್ನು ಬಟ್ಟೆಯಿಂದ ಒರೆಸಿ ನೀರು ಎರಚಿದಾಗ, ಅಡಿಯ ಉಕ್ಕು ಇಪ್ಪತ್ತೈದು ವರ್ಷದ ಹಿಂದೆ ಕಾರ್ಖಾನೆಯಿಂದ ಬಂದಾಗಲೂ ಹೊಳೆದಿರದಷ್ಟು ಹೊಳೆಯಿತು. ಭಾವಮೈದುನ ಖುಷಿಯಿಂದ ಮೂಗು ಮುಚ್ಚಿಕೊಂಡ.

"ಭಾವ, ನೋಡಿ, ಫಳಫಳ ಅಂತಿದೆ. ಈ ಗಲೀಜು ಉಕ್ಕನ್ನ ಕಾಪಾಡಿಬಿಟ್ಟಿದೆ."

ಮಾಮನಿಗೂ ಒಂದು ನಿಮಿಷ ಹಾಗೇ ಅನಿಸಿತು. ಆಮೇಲೆ ಕೈ ಆಡಿಸಿದರು. ಮೈ ಸಪಾಟಾಗಿರಲಿಲ್ಲ, ಬಟ್ಟಲು ಬಟ್ಟಲಾಗಿ ಒಳಕ್ಕೆ ತಗ್ಗಿತ್ತು. ಅಂಟು ಸವರಿ ಯಂತ್ರದ ಮೂತಿ ಒತ್ತಿದರು. ಐದು ಪಾಯಿಂಟ್ ಎರಡು. ಯಂತ್ರ ಕೆಟ್ಟಿದೆ ಎಂದುಕೊಂಡರು. ಪರೀಕ್ಷೆಗೆಂದೇ ಜೇಬಿನಲ್ಲಿಟ್ಟುಕೊಂಡಿರುತ್ತಿದ್ದ ಹತ್ತು ಮಿಲಿಮೀಟರಿನ ಉಕ್ಕಿನ ತುಂಡಿನ ಮೇಲೆ ಒತ್ತಿದರು. ಹತ್ತು ತೋರಿಸಿತು. ಮತ್ತೆ ಕಂಬ: ಐದು ಪಾಯಿಂಟ್ ಒಂದು. ಮುಂದಿನ ಕಂಬ: ಮೂರು ಪಾಯಿಂಟ್ ಎಂಟು. ಅದರ ಮುಂದಿನದರಲ್ಲಿ ಕೆರೆಯುವ ಉಳಿಯೇ ಒಳಗೆ ಹೋಗಿ, ಹಿಡಿಕೆಯವರೆಗೆ ಮುಳುಗಿ, ತಿರುಗಿ ಎಳೆದರೆ ತೂತಿನಿಂದ ಕಪ್ಪು ನೀರು ಸುರಿಯಿತು. ಮೇಲೆ ಲಾಂಚು ಬಂದ ಸದ್ದು, ಜನ ಇಳಿಯುವ ಕಾಲಿನ ಸದ್ದು, ಮಗಳು ಯಾರನ್ನೋ ಚಿಲ್ಲರೆ ಕೇಳುವ ದನಿ.

ನೀರು ಏರುವಷ್ಟರಲ್ಲಿ ಹನ್ನೊಂದು ಕಂಬಗಳು ಮುಗಿದವು. ಪುಸ್ತಕದಲ್ಲಿ ಮಾಮ ಅಂದು ಏನೂ ಬರೆಯಲಿಲ್ಲ. ಅಂಗಿಯ ತೋಳಿನ ಮೇಲೆಯೇ ಆ ಕಪ್ಪು ಒಣಗಿತ್ತು. ಅದೇ ಅಂಗಿ ಒಗೆದ ಮೇಲೂ ನಾತ ಬಿಡದೆ ಮಹಡಿಯ ತಂತಿಗೆ ಹೋದದ್ದು.

ಕೊಳೆತದ್ದನ್ನು ಒಂದು ಬಾಟಲಿಯಲ್ಲಿ ತುಂಬಿಕೊಂಡು ಅವರು ಮರುದಿನ ಹೋದದ್ದು ಮೀನುಗಾರಿಕೆ ಕಾಲೇಜಿಗೆ. ಅಲ್ಲಿ ಸೂಕ್ಷ್ಮಜೀವಿಗಳನ್ನು ಓದಿಸುವ ಒಬ್ಬ ಮೇಡಂ ಇದ್ದರು. ಹುಡುಗರು ಅವರನ್ನು ಬೂಷ್ಟು ಮೇಡಂ ಎನ್ನುತ್ತಿದ್ದರು, ಅವರಿಗೆ ಕೇಳಿಸುವ ಹಾಗೆಯೇ. ಮೇಡಂ ಲೋಳೆಯ ಮೇಲೆ ಒಂದು ಹನಿ ಆಸಿಡ್ ಬಿಟ್ಟರು. ಕೋಣೆಯೆಲ್ಲ ನಾತವೆದ್ದಿತು; ಪಕ್ಕದ ಕೋಣೆಯಿಂದ ಯಾರೋ ಬೈದರು. ಮೇಡಂ ಮಾತ್ರ ಹೂವಿನಂಗಡಿಗೆ ಬಂದವರ ಹಾಗೆ ಅರಳಿದರು. ಮಾಮನನ್ನು ಸ್ಟೂಲಿನ ಮೇಲೆ ಕೂರಿಸಿ ಹೇಳತೊಡಗಿದರು.

ಆ ತೇಪೆ ಒಂದು ಮಹಡಿಮನೆ ಎಂದುಕೊಳ್ಳಿ ಅಂದರು. ಕೆಳಗಿನ ಮನೆಯಲ್ಲಿ, ಉಕ್ಕಿಗೆ ಅಂಟಿಕೊಂಡು, ಗಾಳಿ ಕಂಡರಾಗದ ಬ್ಯಾಕ್ಟೀರಿಯಾಗಳು. ಸಮುದ್ರದ ನೀರಿನಲ್ಲಿ ಕರಗಿರುವ ಸಲ್ಫೇಟೇ ಅವುಗಳ ಉಸಿರು. ಅದನ್ನು ಬಳಸಿ ಅವು ಹೊರಗೆ ಬಿಡುವುದು ಈ ಕೊಳೆತ ಮೊಟ್ಟೆಯ ಅನಿಲ. ಮೇಲಿನ ಮನೆಯಲ್ಲಿ ಗಾಳಿ ಬೇಕಾದವು. ಅವು ಕೆಳಗಿನವರು ಬಿಟ್ಟ ಅನಿಲವನ್ನೇ ತೆಗೆದುಕೊಂಡು, ಗಾಳಿ ಸೇರಿಸಿ, ಆಸಿಡ್ ಮಾಡುತ್ತವೆ. ಇಳಿತದ ಮಟ್ಟದಲ್ಲಿ ನೀರು ಹೋಗಿ ಬಂದು ಮಾಡುವುದರಿಂದ ಎರಡು ಮನೆಗೂ ಬೇಕಾದ್ದು ಸಿಗುತ್ತದೆ, ಜಗಳವಿಲ್ಲ. ಸಾಮಾನ್ಯ ತುಕ್ಕು ತಾನೇ ಒಂದು ಹೊದಿಕೆಯಾಗಿ ಕೂತು ಮುಂದಿನ ತುಕ್ಕನ್ನು ನಿಧಾನ ಮಾಡುತ್ತದೆ. ಇಲ್ಲಿ ಆ ಹೊದಿಕೆ ನಿಲ್ಲುವುದೇ ಇಲ್ಲ. ಅಡಿಯಲ್ಲಿ ಸದಾ ಒದ್ದೆ, ಸದಾ ಹುಳಿ.

"ಅವು ಉಕ್ಕು ತಿನ್ನಲ್ಲ," ಅಂದರು ಮೇಡಂ. "ಸಂಸಾರ ಮಾಡ್ತವೆ, ಅಷ್ಟೇ. ಅವು ಬಿಟ್ಟಿದ್ದು ಉಕ್ಕಿಗೆ ತಾಗುತ್ತೆ."

"ಆದ್ರೆ ಅಡೀಲಿ ಹೊಳೀತಾ ಇತ್ತು ಮೇಡಂ."

"ಹೊಳೆಯೋದು ಅಂದ್ರೆ ಈಗಷ್ಟೇ ಕರಗಿದೆ ಅಂತ."

ಎಷ್ಟು ವರ್ಷದಿಂದ ಇರಬಹುದು ಎಂದು ಮಾಮ ಕೇಳಿದರು. ಕೇಳಿದ ಧ್ವನಿಯಲ್ಲಿಯೇ ಅವರಿಗೆ ಉತ್ತರ ಬೇಡವಾಗಿತ್ತು ಎಂಬುದು ಗೊತ್ತಾಗುತ್ತಿತ್ತು. ಇಂಥ ಕಡೆ ವರ್ಷಕ್ಕೆ ಅರ್ಧದಿಂದ ಒಂದು ಮಿಲಿಮೀಟರ್ ಹೋಗುವುದುಂಟು, ಹೆಚ್ಚೂ ಉಂಟು ಎಂದು ಮೇಡಂ ಹೇಳಿದರು. ಅಳತೆಯ ಮನುಷ್ಯನಿಗೆ ಅಷ್ಟು ಸಾಕು. ಬಸ್ಸಿನಲ್ಲಿ ಕೂತು ಮನಸ್ಸಿನಲ್ಲೇ ಭಾಗಿಸಿದರು. ಹೆಚ್ಚುಕಡಿಮೆ ಎಂಟು ವರ್ಷ. ಎಂಟು ವರ್ಷದಲ್ಲಿ ಹದಿನಾರು ಸಲ ಆ ಕಂಬಗಳ ಎದುರು ನಿಂತು, ತೇಪೆಗಳನ್ನು ಕಾಲಡಿಯ ನೀರಿನಲ್ಲಿಟ್ಟುಕೊಂಡು, ಎದೆಯ ಮಟ್ಟದಲ್ಲಿ ಅಳೆದು, "ಸರಿಯಿದೆ" ಎಂದು ಬರೆದಿದ್ದರು. ಇಳಿಯುವ ಜಾಗ ದಾಟಿ ಎರಡು ಸ್ಟಾಪು ಮುಂದೆ ಹೋಗಿದ್ದರು.

ದೊಡ್ಡ ಸಾಹೇಬರು, ಅಂದರೆ ಬಂದರಿನ ಮುಖ್ಯ ಇಂಜಿನಿಯರು, ತಮ್ಮನ್ನು "ನಾನು" ಎಂದು ಕರೆದುಕೊಳ್ಳುತ್ತಿರಲಿಲ್ಲ. "ಈ ಕಚೇರಿ" ಎನ್ನುತ್ತಿದ್ದರು. ಈ ಕಚೇರಿ ಇದನ್ನು ಒಪ್ಪುವುದಿಲ್ಲ, ಈ ಕಚೇರಿಗೆ ಸಕ್ಕರೆ ಬೇಡ. ಮಾಮ ಹೋದಾಗ ಈ ಕಚೇರಿ ಆಮಂತ್ರಣಪತ್ರಿಕೆಯ ಅಕ್ಷರಗಳ ಗಾತ್ರ ಪರೀಕ್ಷಿಸುತ್ತಿತ್ತು. ಮಾಮ ಹೇಳಿದ್ದನ್ನೆಲ್ಲ ಕೇಳಿ, ಆರು ತಿಂಗಳ ಹಿಂದಿನ ಅಳತೆ ಪುಸ್ತಕ ತರಿಸಿ, ಮಾಮನದೇ ದುಂಡಗಿನ ಅಕ್ಷರ ತೋರಿಸಿತು. ಹನ್ನೊಂದು ಪಾಯಿಂಟ್ ಐದು, ಸರಿಯಿದೆ. ಆರು ತಿಂಗಳಲ್ಲಿ ಹನ್ನೊಂದು ಇದ್ದದ್ದು ಐದಾಗಲು ಇದೇನು ಸೋಪೇ? ಅಂದಿನದು ಸುಳ್ಳೋ, ಇಂದಿನದು ಸುಳ್ಳೋ? ಕಿತ್ತಳೆ ಬಣ್ಣ ಕಣ್ಣಿಗೆ ಹೊಡೆಯುವುದಾದರೆ ಅದರ ಮೇಲೆ ನೀಲಿ ಬಳಿಸಿದರಾಯಿತು. ಹೇಗೂ ಸಮಾರಂಭಕ್ಕೆ ಬಣ್ಣ ತರಿಸಿಯಾಗಿದೆ.

ಎರಡೂ ಸುಳ್ಳಲ್ಲ ಎಂದು ಮಾಮ ಹೇಳಬೇಕಿತ್ತು. ಹೇಳಿದರೆ ಮುಂದಿನ ಮಾತು ಬರುತ್ತಿತ್ತು: ಅಂದಿನ ಅಳತೆ ತಪ್ಪು ಜಾಗದ್ದು, ಅಂದಿನದು ಮಾತ್ರವಲ್ಲ, ಎಲ್ಲವೂ. ನೋಡುತ್ತೇನೆ ಸಾರ್ ಎಂದು ಹೊರಗೆ ಬಂದರು.

ಆ ಎರಡು ವಾರ ಅವರು ಮನೆಯಲ್ಲಿ ಇದ್ದೂ ಇಲ್ಲದ ಹಾಗಿದ್ದರು. ಬ್ರೆಡ್ಡು ಹೇಗೆ ಕತ್ತರಿಸಿದರೂ ತಿಂದು ಎದ್ದರು. ಅದನ್ನು ಕಂಡು ಹೆಂಡತಿಗೆ ನಿಜವಾಗಿ ದಿಗಿಲಾಯಿತು. ಏನಾಯಿತು ರೀ ಎಂದರೆ ಸೊಂಟ ಹಿಡಿದಿದೆ ಎಂದರು. ಆಕೆ ತಮ್ಮನನ್ನು ಹಿಡಿದು ಕೇಳಿದಳು. ಅವನು ಗುಟ್ಟು ಕಾಯುವ ಜಾತಿಯವನಲ್ಲ. ಉಳಿ ಒಳಗೆ ಹೋದದ್ದನ್ನು ಕೈಯಾರೆ ಅಭಿನಯಿಸಿ ತೋರಿಸಿದ. ಆಕೆ ಗಂಡನ ಎದುರು ಬಂದು ಕೂತಳು. ಸಮಾರಂಭ ಹೇಗೂ ಇರಲಿ, ಮಗಳು ದಿನಾ ಅಲ್ಲೇ ಕೂರುತ್ತಾಳಲ್ಲ ಎಂದಳು, ಅಷ್ಟೇ. ಮಾಮನಿಗೆ ಅದನ್ನು ಯಾರೂ ನೆನಪಿಸಬೇಕಿರಲಿಲ್ಲ. ಬೆಳಿಗ್ಗೆ ಎಂಟೂವರೆಗೆ ಮಗಳು ಚಪ್ಪಲಿ ಮೆಟ್ಟಿ ಹೊರಟರೆ, ಅವಳು ಮೇಲೆ ನಡೆಯುವ ಒಂದೊಂದು ಹೆಜ್ಜೆಗೂ ಕೆಳಗಿನ ಕಂಬದ ನಂಬರು ಅವರ ತಲೆಯಲ್ಲಿ ಓಡುತ್ತಿತ್ತು. ಟಿಕೆಟ್ ಕೋಣೆಯ ಅಡಿಗಿರುವುದು ಎಂಬತ್ತೊಂಬತ್ತರಿಂದ ತೊಂಬತ್ತಾರು. ತೊಂಬತ್ತೆರಡರಲ್ಲೇ ಉಳಿ ಹೋದದ್ದು.

ಅವರು ಕಂಡುಕೊಂಡ ದಾರಿ ಸಣ್ಣದಾಗಿತ್ತು. ಒಂದು ಸಂಜೆ ಮಗಳು ಮಹಡಿಯಲ್ಲಿ ಒಣಗಿದ ಬಟ್ಟೆ ಮಡಿಸುತ್ತಿದ್ದಾಗ ಪಕ್ಕದಲ್ಲಿ ನಿಂತು, ಒಂದು ಟವೆಲ್ಲಿನ ನಾಲ್ಕು ಮೂಲೆ ಕೂಡಿಸುವವರ ಹಾಗೆ ನಟಿಸುತ್ತ, ಒಂದು ತಿಂಗಳು ರಜೆ ಹಾಕು ಅಂದರು. ಯಾಕೆಂದು ಅವಳು ಕೇಳಿದಳು. ನಿನಗೆ ಆಯಾಸವಾದ ಹಾಗೆ ಕಾಣುತ್ತೆ ಎಂದರು. ಅವಳು ಬಟ್ಟೆ ಕೆಳಗಿಟ್ಟಳು.

"ಮಾಮ ನನಗೂ ಹೇಳಿದಾನಪ್ಪ. ತೊಂಬತ್ತೆರಡು."

ಮಾಮ ಎಂದರೆ ಇಲ್ಲಿ ದೋಣಿಯವನು, ಅವಳ ಸೋದರಮಾವ. ಅವಳಪ್ಪ ಟವೆಲ್ಲನ್ನು ಬಿಚ್ಚಿ ಮತ್ತೆ ಮಡಿಸಿದರು.

"ನಾನು ರಜೆ ಹಾಕಿದ್ರೆ ಆ ಕುರ್ಚಿ ಖಾಲಿ ಇರುತ್ತೆ ಅಂದ್ಕೊಂಡ್ಯಾ?" ಅಂದಳು. "ಇನ್ನೊಬ್ಬಳು ಬಂದು ಕೂರ್ತಾಳೆ. ಅವಳಿಗೂ ಮನೇಲಿ ಅಪ್ಪ ಇರ್ತಾನೆ. ಅವನಿಗೆ ಮಾತ್ರ ಗೊತ್ತಿರಲ್ಲ."

"ನಾನೇ ಬರೆದಿರೋದು ಕಣೇ. ಎಲ್ಲಾ ನಂದೇ ಅಕ್ಷರ."

"ಗೊತ್ತು. ಅದಕ್ಕೇ ನಾನು ನಿನ್ನ ಹತ್ರ ಹೇಳ್ತಿರೋದು. ಬೇರೆಯವ್ರು ಬರೆದಿದ್ರೆ ಅವ್ರ ಹತ್ರ ಹೋಗ್ತಿದ್ದೆ."

ಅವಳು ಬಟ್ಟೆಯ ರಾಶಿ ಎತ್ತಿಕೊಂಡು ಒಳಗೆ ಹೋದಳು. ಮರುದಿನ ಎಂಟೂವರೆಗೆ ಚಪ್ಪಲಿ ಮೆಟ್ಟಿ ಹೊರಟಳು. ಹೋಗುವಾಗ ತಿರುಗಿ ನೋಡಲಿಲ್ಲ. ನೋಡಿದ್ದರೆ ಪ್ರಶಸ್ತಿಪತ್ರದ ಕೆಳಗೆ ನಿಂತ ಅಪ್ಪ ಎರಡೂ ಕೈಯಲ್ಲಿ ಕಾಫಿಯ ಲೋಟ ಹಿಡಿದು, ಕುಡಿಯದೆ, ಅದರ ಅಂಚನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತಿದ್ದುದು ಕಾಣುತ್ತಿತ್ತು.

ಅದೇ ಬೆಳಿಗ್ಗೆ ಮಾಮ ಕಚೇರಿಗೆ ಹೋಗಿ ಅಳತೆ ಪುಸ್ತಕ ತೆಗೆದು, ಹನ್ನೊಂದು ಕಂಬಗಳ ಅಳತೆ ಬರೆದರು. ಷರಾ ಎಂಬ ಕಾಲಮ್ಮಿನಲ್ಲಿ ಜಾಗ ಸಾಲದೆ ಪುಟದ ಅಂಚಿಗೂ ಹೋದರು. ಬರೆದದ್ದು ಇಷ್ಟು: "ಈ ಜೆಟ್ಟಿಯ ಮೇಲೆ ಜನ ನಿಲ್ಲಬಾರದು. ಹದಿನೆಂಟು ವರ್ಷ ನಾನು ಬಳೆಯ ಮೇಲೆ ತೆಗೆದ ಅಳತೆಗಳು ಸರಿ, ಜಾಗ ತಪ್ಪು. ಕೆಟ್ಟ ಭಾಗ ಇಳಿತದ ಮಟ್ಟದಲ್ಲಿದೆ. ಅದನ್ನು ನಾನು ನೋಡಿರಲಿಲ್ಲ." ಸಹಿ ಹಾಕಿದರು. ಅಕ್ಷರ ದುಂಡಗೆ ಬರಲಿಲ್ಲ.

ಈ ಕಚೇರಿಗೆ ಆಗ ನಿಜವಾದ ಕಷ್ಟ ಶುರುವಾಯಿತು. ನಿಯಮದ ಪ್ರಕಾರ ಪುಸ್ತಕದ ಪ್ರತಿ ಪುಟಕ್ಕೂ ಅದರ ಸಹಿ ಬೀಳಬೇಕು. ಹಾಕಿದರೆ ಜೆಟ್ಟಿ ಮುಚ್ಚಬೇಕು. ಹಾಕದಿದ್ದರೆ ಯಾಕೆ ಹಾಕಿಲ್ಲ ಎಂದು ಬರೆಯಬೇಕು. ಪುಟ ಹರಿಯೋಣವೆಂದರೆ ಪುಟಗಳಿಗೆ ನಂಬರು. ಎರಡು ದಿನ ಪುಸ್ತಕ ಮೇಜಿನ ಮೇಲೆ ತೆರೆದೇ ಇತ್ತು. ಮೂರನೆಯ ದಿನ ಸಾಹೇಬರು, ಅಳತೆಗಾರನ ತಪ್ಪನ್ನು ಸ್ಥಳದಲ್ಲೇ ಸಾಬೀತು ಮಾಡಲೆಂದು, ದೋಣಿಗೆ ಬರುವುದಾಗಿ ಹೇಳಿ ಕಳಿಸಿದರು. ಬೆಳಿಗ್ಗೆ ಹತ್ತಕ್ಕೆ ಅಂದರು. ಹತ್ತಕ್ಕೆ ನೀರು ಇನ್ನೂ ಮೇಲಿರುತ್ತದೆ, ಒಂದೂ ಹತ್ತಕ್ಕೆ ಪೂರ್ತಿ ಇಳಿತ, ಆಗಲೇ ಹೋಗಬೇಕು ಎಂದು ಮಾಮ ಹೇಳಿಸಿದರು. ಈ ಕಚೇರಿ ಆ ಹೊತ್ತಿಗೆ ಊಟ ಮಾಡುತ್ತದೆ ಎಂದು ಉತ್ತರ ಬಂತು. ಸಮುದ್ರವೂ ತನ್ನ ಹೊತ್ತು ಬದಲಿಸಲು ಒಪ್ಪಲಿಲ್ಲವಾದ್ದರಿಂದ ಕೊನೆಗೆ ಊಟವೇ ಹಿಂದಕ್ಕೆ ಹೋಯಿತು.

ಸಾಹೇಬರು ಪಾಲಿಶ್ ಮಾಡಿದ ಬೂಟಿನಲ್ಲಿ ಬಂದು ದೋಣಿಯ ನಡುವೆ ಕುರ್ಚಿ ಹಾಕಿಸಿಕೊಂಡು ಕೂತರು. ಜೆಟ್ಟಿಯ ಅಡಿಗೆ ಹೋದಾಗ ಮಾಮ ಏನೂ ವಿವರಿಸಲಿಲ್ಲ. ಉದ್ದನೆಯ ಸ್ಕ್ರೂಡ್ರೈವರೊಂದನ್ನು ಸಾಹೇಬರ ಕೈಗೆ ಕೊಟ್ಟು, ಕಿತ್ತಳೆ ತೇಪೆ ತೋರಿಸಿ, ಒತ್ತಿ ಸಾರ್ ಅಂದರು. ಸಾಹೇಬರು ಸುಮ್ಮನೆ ಮುಟ್ಟಿಸಿದರು. ಇನ್ನೂ ಸ್ವಲ್ಪ ಒತ್ತಿ ಅಂದರು ಮಾಮ. ಸ್ಕ್ರೂಡ್ರೈವರು ಹೋಯಿತು. ಪೂರ್ತಿ ಹೋಯಿತು. ಸಾಹೇಬರು ಎಳೆದರು, ಬರಲಿಲ್ಲ, ಕೈಬಿಟ್ಟರು. ಬೂಟಿನ ಮೇಲೆ ಕಪ್ಪು ನೀರು ಸುರಿದು ನಾತವೆದ್ದಿತು. ಅವರು ಬಂದ ಹನ್ನೆರಡು ವರ್ಷದಲ್ಲಿ ಬಂದರಿನಲ್ಲಿ ಯಾರೂ ಕೇಳಿರದ ಒಂದು ಪದ ಅವರ ಬಾಯಿಂದ ಬಂತೆಂದು ಭಾವಮೈದುನ ಇಂದಿಗೂ ಹೇಳುತ್ತಾನೆ.

"ನಾನು," ಅಂದರು ಸಾಹೇಬರು, "ನಾನು ಮೇಲೆ ಹೋಗ್ಬೇಕು." ತಲೆಯೆತ್ತಿ ಜೆಟ್ಟಿಯ ಅಡಿಯನ್ನು ನೋಡಿದರು. "ಮೇಲೆ ಬೇಡ. ದಡಕ್ಕೆ ಬಿಡಿ."

ಅಂದು ಸಂಜೆ ಹಗ್ಗ ಕಟ್ಟಿದರು. ಸಮಾರಂಭ ಉಗ್ರಾಣವೊಂದಕ್ಕೆ ಹೋಗಿ, ಗೋಣಿಚೀಲಗಳ ನಡುವೆ ಮುಗಿಯಿತು. ಮುಳುಗುಗಾರರು ಬಂದು ಎಲ್ಲ ತೊಂಬತ್ತಾರು ಕಂಬಗಳನ್ನೂ ನೋಡಿದರು, ಮೂವತ್ತೊಂದರಲ್ಲಿ ತೂತು. ಒಂದು ಕಂಬವನ್ನು ಕ್ರೇನಿನಿಂದ ಎತ್ತಲು ಹೋದಾಗ ಅದು ಇಳಿತದ ಮಟ್ಟದಲ್ಲಿ, ಕಡ್ಡಿ ಮುರಿದ ಹಾಗೆ, ಮುರಿದು ಬಂತು.

ಜನ ಮಾಮನನ್ನು ಹೊತ್ತು ಮೆರೆಸಿದರೆಂದು ಯಾರಾದರೂ ತಿಳಿದರೆ ಅದು ಮೊಟ್ಟೆಗಿಂತ ದೊಡ್ಡ ತಪ್ಪು ತಿಳಿವಳಿಕೆ. ಬೀಳದಿದ್ದ ಜೆಟ್ಟಿಗೆ ಯಾರೂ ಹೆದರುವುದಿಲ್ಲ. ನಿಂತುಹೋದ ಲಾಂಚಿಗೆ ಎಲ್ಲರೂ ಬೈಯುತ್ತಾರೆ. ಲಾಂಚು ಈಗ ಹಳೆಯ ಕಲ್ಲಿನ ಮೆಟ್ಟಿಲಿನ ಬಳಿ ನಿಲ್ಲುತ್ತಿತ್ತು. ಸುತ್ತು ಹಾಕಿ ನಡೆಯಬೇಕಾದವರೆಲ್ಲ ನಡೆಯುತ್ತಲೇ ಮಾಮನನ್ನು ನೆನೆದರು. ಜೆಟ್ಟಿಯ ಬಾಯಲ್ಲಿದ್ದ ಚಹಾದಂಗಡಿಯವನು, ಮಾಮ ಬಂದರೆ, ಲೋಟವನ್ನು ಮುಕ್ಕಾಲಿಗೆ ನಿಲ್ಲಿಸಿ, ಅಳೆದು ನೋಡಿಕೊಳ್ಳಿ ಎನ್ನುತ್ತಿದ್ದ. ಟಿಕೆಟ್ ಕೋಣೆಗೆ ಬೀಗ ಬಿತ್ತು. ಮಗಳಿಗೆ ಮೆಟ್ಟಿಲ ಬಳಿ ಒಂದು ಛತ್ರಿ, ಒಂದು ಸ್ಟೂಲು ಸಿಕ್ಕಿತು. ಮಧ್ಯಾಹ್ನದ ಬಿಸಿಲಿಗೆ ಅವಳ ಮುಖ ಸುಲಿಯತೊಡಗಿತು. ಅಪ್ಪ ಅವಳ ಮುಖವನ್ನು ನೇರವಾಗಿ ನೋಡಲಿಲ್ಲ.

ವಿಚಾರಣೆಗೆ ಮೂವರ ಸಮಿತಿ ಬಂತು. ಸಾಹೇಬರುಗಳೆಲ್ಲ ಒಬ್ಬೊಬ್ಬರಾಗಿ, ತಾವು ಪುಸ್ತಕದ ಆಧಾರದ ಮೇಲೆ ಸಹಿ ಹಾಕಿದ್ದಾಗಿಯೂ ಪುಸ್ತಕ ತಮ್ಮದಲ್ಲವೆಂದೂ ಹೇಳಿದರು. ಸೂತ್ರ ಬರೆದವರು ಅದು ಬರೀ ಸೂಚನೆಯಾಗಿತ್ತು ಎಂದರು. ಹಳೆಯ ಮೇಸ್ತ್ರಿ ತೀರಿಹೋಗಿದ್ದರಿಂದ ಅವರ ಸೊಂಟವನ್ನು ಯಾರಿಂದಲೂ ಕರೆಸಲಾಗಲಿಲ್ಲ. ಮಾಮನೂ ಅವರ ಹೆಸರೆತ್ತಲಿಲ್ಲ. ಬಳೆ ಅಲ್ಲಿ ಯಾಕಿತ್ತು ಎಂದು ಕೇಳಿದಾಗ, ಇತ್ತು, ನಾನು ಕೇಳಲಿಲ್ಲ ಎಂದರು. ಕೊನೆಗೆ ಉಳಿದದ್ದು ಒಬ್ಬರೇ. ಅವರ ಅಳತೆಯ ಪರವಾನಗಿ ರದ್ದಾಯಿತು. ಯಂತ್ರವನ್ನು, ಹತ್ತು ಮಿಲಿಮೀಟರಿನ ತುಂಡಿನ ಸಮೇತ, ಮೇಜಿನ ಮೇಲಿಟ್ಟು ಒಪ್ಪಿಸಬೇಕಾಯಿತು. ತುಂಡನ್ನು ಮಾತ್ರ ಇಡುವ ಮೊದಲು ಅಂಗಿಗೆ ಒರೆಸಿದರು.

ಎಲ್ಲ ಮುಗಿದು ಚಹಾ ಬಂದಿತ್ತು. ಸಮಿತಿಯ ಅಧ್ಯಕ್ಷರು ಒಳ್ಳೆಯ ಮನಸ್ಸಿನವರು. ಎದುರಿಗಿರುವವರ ಮೇಲೆ ಕನಿಕರ ಬಂದರೆ ಅದನ್ನು ಸಭೆಗೆ ಕೇಳಿಸುವಂತೆ ತೋರಿಸುವವರು. ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು, ಕಡತ ಮುಚ್ಚಿದ ಮೇಲೆ ಸುಮ್ಮನೆ ಕುತೂಹಲಕ್ಕೆ ಕೇಳುತ್ತಿದ್ದೇನೆ ಎಂಬ ಧಾಟಿಯಲ್ಲಿ ಮುಂದಕ್ಕೆ ಬಾಗಿದರು.

"ಅಲ್ಲಾ ಮಾರಾಯರೇ, ಹದಿನೆಂಟು ವರ್ಷ 'ಸರಿಯಿದೆ' ಅಂತ ಬರೆದೋರು ನೀವು. ಇನ್ನೊಂದು ಸಲ ಬರೆದಿದ್ರೆ ಪರವಾನಗೀನೂ ಉಳೀತಿತ್ತು, ಹೆಸರೂ ಉಳೀತಿತ್ತು. ಬರೆದುಬಿಟ್ಟಿದ್ರೆ ಏನಾಗ್ತಿತ್ತು?"

"ಮೇಲೆ ನಿಂತೋರು ಕೆಳಗೆ ಬರ್ತಿದ್ರು ಸಾರ್."